ಆಚೆ ದಂಡೆಯ ಮೊಳೆ

ನದಿ ದಾಟಿ ಮದುವೆಯಾದವಳು ಸಮುದ್ರ ದಾಟಿ ಹೋದ ಹಾಗೆ ಎಂದು ಬೆಟ್ಟದವರು ಹೇಳುತ್ತಿದ್ದರು. ಹಾಗೆ ಹೇಳಿದವರಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ, ಆ ಮಾತು ಬೇರೆ. ಲಿಕ್ಟೆನ್‌ಸ್ಟೈನ್ ಎಂಬ ಆ ಅಂಗೈಯಗಲದ ನಾಡಿನಿಂದ ಯಾವ ದಿಕ್ಕಿಗೆ ಹೊರಟರೂ ಎರಡು ದೇಶ ದಾಟದೆ ಉಪ್ಪುನೀರು ಸಿಗುವುದಿಲ್ಲ. ಇರುವುದೊಂದು ರೈನ್ ನದಿ. ಅದೂ ಅರ್ಧ ಮಾತ್ರ ಅವರದು. ನಡುನೀರಿನಿಂದ ಆಚೆಗೆ ಸ್ವಿಟ್ಜರ್ಲೆಂಡ್. ಎರಡೂ ದಂಡೆಯಲ್ಲಿ ಓಡಾಡುವ ದುಡ್ಡು ಒಂದೇ, ಬೆಳಿಗ್ಗೆ ಕಾಫಿಯ ಜೊತೆ ತಿನ್ನುವ, ಮೆಕ್ಕೆಜೋಳದ ಉದುರು ಉಪ್ಪಿಟ್ಟಿನಂಥ ರೀಬೆಲ್ ಒಂದೇ, ಸೇತುವೆಯ ಮೇಲೆ ಯಾರನ್ನೂ ಯಾರೂ ತಡೆಯುವುದಿಲ್ಲ. ಆದರೂ ಆಚೆ ದಂಡೆ ಎಂದರೆ ಆಚೆ ದಂಡೆಯೇ.

ಫಿಲೊಮೇನಾ ಹೀಗೆ ಆಚೆ ದಂಡೆಗೆ ಹೋದವಳು. ಹುಟ್ಟಿದ್ದು ಟ್ರೀಸನ್‌ಬೆರ್ಗ್‌ನಲ್ಲಿ. ಆ ಊರಿನವರು ಅಷ್ಟುದ್ದ ಹೆಸರು ಹೇಳುವ ಗೋಜಿಗೆ ಹೋಗದೆ ಸುಮ್ಮನೆ 'ಬೆಟ್ಟ' ಎನ್ನುತ್ತಾರೆ, ಜಗತ್ತಿನಲ್ಲಿ ಇರುವುದು ಅದೊಂದೇ ಬೆಟ್ಟ ಎಂಬಂತೆ. ಮನೆಗಳು ಅಲ್ಲಿ ಇಳಿಜಾರಿಗೆ ಉಗುರೂರಿ ನಿಂತಿವೆ. ಮೇನಾ ಮದುವೆಯಾದದ್ದು ಕೆಳಗೆ, ನದಿಯಾಚೆ, ಸೆವೆಲೆನ್ ಊರಿನ ಆಂಡ್ರೆಸ್ ಎಂಬ ಸೇಬಿನ ತೋಟದವನನ್ನು. ಆ ಕಾಲದ ಕಾನೂನಿನ ಪ್ರಕಾರ ಹೊರಗಿನವನ ಕೈ ಹಿಡಿದ ಹೆಣ್ಣಿಗೆ ಹುಟ್ಟಿದೂರಿನ ಹಕ್ಕು ತಪ್ಪಿಹೋಗುತ್ತಿತ್ತು. ಹಕ್ಕು ತಪ್ಪಿದವಳ ಹಸುವಿಗೆ ಊರ ಕಾವಲಿನಲ್ಲಿ ಹುಲ್ಲೂ ಇಲ್ಲ. ಎಷ್ಟೋ ವರ್ಷದ ಮೇಲೆ ಕಾನೂನು ಬದಲಾಯಿತು, ಬೇಕಾದವರು ಹಕ್ಕನ್ನು ಮರಳಿ ಕೇಳಬಹುದು ಎಂದರು. ಮೇನಾ ಕೇಳಲಿಲ್ಲ. ಅರ್ಜಿ ಹಾಕಿ ಪಡೆದದ್ದು ತವರಾಗುತ್ತದೆಯೇ ಎಂಬುದು ಅವಳ ವಾದ.

ಮದುವೆಯಾಗಿ ಬಂದ ವಾರವೇ ಅವಳು ಗಂಡನ ಸುತ್ತಿಗೆ ಕೇಳಿ ಪಡೆದು ಕೊಟ್ಟಿಗೆಯ ಬಾಗಿಲ ಮೇಲೆ ಒಂದು ಮೊಳೆ ಹೊಡೆದಳು. ಆಂಡ್ರೆಸ್ ಕೇಳಿದ:

"ಯಾತಕ್ಕೆ ಇದು?"

"ಇರ್ಲಿ ಬಿಡಿ. ಒಂದು ಶಾಮಾನು ಬರೋದಿದೆ."

ಸಾಮಾನು ಎನ್ನಲು ಅವಳಿಗೆ ಬಾರದು. ಬೆಟ್ಟದವರ ನಾಲಿಗೆಯೇ ಹಾಗೆ. ನಾವು 'ಸ' ಎನ್ನುವ ಕಡೆ ಅವರದು 'ಶ'. ಆಂಡ್ರೆಸ್ ನಕ್ಕ. ಸಾಮಾನು ಬರಲಿಲ್ಲ. ಬಾಗಿಲಿಗೆ ಹೊಸ ಬಣ್ಣ ಬಳಿಯುವಾಗಲೆಲ್ಲ ಅವನು ಆ ಮೊಳೆಯನ್ನು ಕೀಳದೆ, ಅದರ ಸುತ್ತ ಕುಂಚ ತಿರುಗಿಸಿ ಬಳಿಯುತ್ತಿದ್ದ. ಮತ್ತೊಮ್ಮೆ ಕೇಳಲೂ ಇಲ್ಲ. ಒಳ್ಳೆಯ ಗಂಡ ಎಂದರೆ ಇನ್ನೇನು?

ಬರಬೇಕಾಗಿದ್ದದ್ದು ಒಂದು ಮರದ ಹೃದಯ.

ಬೆಟ್ಟದ ಹಸುಗಳು ಬೇಸಿಗೆಯಿಡೀ ಬೆಟ್ಟದ ಹಿಂದಿನ ಕಾವಲಿನಲ್ಲಿ ಮೇಯುತ್ತವೆ. ಸೆಪ್ಟೆಂಬರಿನಲ್ಲಿ ಇಳಿಯುವ ದಿನ, ಚೆನ್ನಾಗಿ ಹಾಲು ಕೊಟ್ಟ ಹಸುವಿನ ಹಣೆಗೆ ಹೂವಿನ ಕಿರೀಟ ಕಟ್ಟುತ್ತಾರೆ. ಕಿರೀಟದ ನಡುವೆ ಬಣ್ಣ ಬಳಿದ ಮರದ ಹೃದಯ. ಮನೆ ಸೇರಿದ ಮೇಲೆ ಆ ಹೃದಯ ಕೊಟ್ಟಿಗೆಯ ಬಾಗಿಲ ಮೇಲಿನ ಮೊಳೆಗೆ ಏರುತ್ತದೆ. ಬಾಗಿಲ ಮೇಲೆ ಎಷ್ಟು ಹೃದಯವಿದೆ ಎಂದು ನೋಡಿಯೇ ಬೆಟ್ಟದಲ್ಲಿ ಹೆಣ್ಣು ಕೊಡುತ್ತಿದ್ದ ಕಾಲವೊಂದಿತ್ತು.

ಮೇನಾಳ ಪಾಲಿಗೆ ಅಪ್ಪ ಬಿಟ್ಟುಹೋಗಿದ್ದ ಹಸು ಬ್ರೂನಿ. ಕನ್ಯೆಯಾಗಿ ಕಳೆದ ಕೊನೆಯ ಬೇಸಿಗೆಯಲ್ಲಿ ಅದು ಕಾವಲಿಗೆಲ್ಲ ಮುಂದಾಗಿ ಹಾಲು ಕೊಟ್ಟಿತು. ಅವಳ ತಮ್ಮ ಯೋಡರ್ ಅಲ್ಲಿ ಚೀಸ್ ಮಾಡುವವರ ಕೈಕೆಳಗೆ ಇದ್ದ. ಹುಲ್ಲು ಕೊಯ್ಲಿನ ಹೊತ್ತಿಗೆ ಒಂದು ದಿನ ಕೆಳಗಿಳಿದವನು ಅಕ್ಕನ ಕಿವಿಯಲ್ಲಿ ಹೇಳಿದ್ದ: "ನಿನ್ನ ಬ್ರೂನಿಗೆ ಹೃದಯ ಕೆತ್ತಿದೀನಿ ಅಕ್ಕಾ. ನೀಲಿ ಬಣ್ಣ. ಏನು ಬರ್ದಿದೀನಿ ಅಂತ ಈಗ್ಲೇ ಹೇಳಲ್ಲ."

ಇಳಿಯುವ ದಿನ ಬಂತು. ಹೆಂಗಸರೆಲ್ಲ ಹೊಸ ಲಂಗ ಉಟ್ಟು ದಾರಿಯ ಎರಡೂ ಬದಿಗೆ ನಿಂತರು. ಮೇಲಿಂದ ಗಂಟೆಯ ಸದ್ದು ಕೇಳಿಸಿತು. ಆಮೇಲೆ ತಿರುವಿನಲ್ಲಿ ಹಸುಗಳು ಕಂಡವು. ಮೊದಲನೆಯದಕ್ಕೆ ಕಿರೀಟವಿಲ್ಲ. ಎರಡನೆಯದಕ್ಕೂ ಇಲ್ಲ. ಹೂವಿಲ್ಲ, ಹೃದಯವಿಲ್ಲ, ಹಣೆಗಳೆಲ್ಲ ಬೋಳು.

ಯಾರೂ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿರಲಿಲ್ಲ. ಕಾವಲಿನಲ್ಲಿ ಸಾವಾದರೆ ಹಸುಗಳು ಬೋಳಾಗಿಯೇ ಇಳಿಯುತ್ತವೆ, ಅದೇ ಓಲೆ, ಅದೇ ಡಂಗುರ. ಗಂಟೆಗಳು ಹತ್ತಿರ ಬಂದಂತೆ ಹೆಂಗಸರು ಹಸುಗಳನ್ನು ಬಿಟ್ಟು ಹಿಂದೆ ಬರುವ ಗಂಡಸರನ್ನು ಹುಡುಕತೊಡಗಿದರು. ಮೇನಾಳ ಕಣ್ಣಿಗೆ ಯೋಡರ್ ಕಂಡ. ಟೋಪಿ ಕೈಯಲ್ಲಿ ಹಿಡಿದು, ನೆಲ ನೋಡುತ್ತ, ಆದರೆ ಎರಡು ಕಾಲ ಮೇಲೆ ನಡೆದು ಬರುತ್ತಿದ್ದ. ಅವಳ ಎದೆ ಒಮ್ಮೆಗೇ ಹಗುರಾಯಿತು. ಬಾಯಿಂದ ನಗುವಿನಂಥದ್ದೇನೋ ಹೊರಬಿತ್ತು. ಆಗ ಪಕ್ಕದಲ್ಲಿ ನಿಂತಿದ್ದ ಹೆಂಗಸು ಮೆಲ್ಲನೆ ಕೇಳಿದಳು, "ನಮ್ಮ ವೆಂಡೆಲಿನ್ ಎಲ್ಲಿ?"

ವೆಂಡೆಲಿನ್‌ನಿಗೆ ಹಿಂದಿನ ದಿನ ಸಿಡಿಲು ಬಡಿದಿತ್ತು.

ಆ ತಾಯಿಯ ಪಕ್ಕದಲ್ಲಿ ನಕ್ಕವಳು ಯಾವ ಬಾಯಿಯಿಂದ ತನ್ನ ನೀಲಿ ಹೃದಯದ ಸುದ್ದಿ ಎತ್ತಬೇಕು? ಆ ದಿನ ಕೇಳಲಾಗಲಿಲ್ಲ. ಆಮೇಲೆ ಕೇಳುವ ದಿನವೇ ಬರಲಿಲ್ಲ. ಚಳಿಗಾಲ ಕಳೆಯುವ ಮುಂಚೆ ಮದುವೆ. ಹೃದಯ ಎಲ್ಲಿಗೆ ಹೋದೀತು, ಕಾವಲಿನ ಗುಡಿಸಲಿನ ಅಟ್ಟದಲ್ಲಿ ಇಟ್ಟಿರುತ್ತಾರೆ, ದುಃಖ ಆರಿದ ಮೇಲೆ ಯೋಡರ್ ತಾನಾಗಿಯೇ ತಂದುಕೊಡುತ್ತಾನೆ ಎಂದುಕೊಂಡು ಮೊಳೆ ಹೊಡೆದು ಕಾದಳು.

ಮದುವೆಯ ದಿನ ನದಿಯ ಮೇಲೆಲ್ಲ ದಟ್ಟ ಮಂಜು. ಚಾಚಿದ ಕೈ ಕಾಣುತ್ತಿರಲಿಲ್ಲ. ಯೋಡರ್ ತವರಿನ ಉಡುಗೊರೆಯೆಂದು ಬಂಡಿಯ ಗಾಲಿಯಂತೆ ದುಂಡಗಿನ ಒಂದು ದೊಡ್ಡ ಚೀಸನ್ನು ಹೆಗಲ ಮೇಲೆ ಹೊತ್ತು ಬಂದ. ಕೈಯಲ್ಲಿ ಬೇರೇನೂ ಇಲ್ಲವೆಂದು ಮೇನಾಳ ಕಣ್ಣು ಆಗಲೇ ನೋಡಿಯಾಗಿತ್ತು. ಗಾಲಿ ಕೊಯ್ದು ಬಡಿಸಿದಾಗ ಗಂಡಿನ ಕಡೆಯ ಚಿಕ್ಕಪ್ಪನೊಬ್ಬ ಮೂಗಿನ ಹತ್ತಿರ ಹಿಡಿದು ಕೇಳಿದ:

"ಏನಮ್ಮಾ, ನಿಮ್ಮ ಬೆಟ್ಟದಲ್ಲಿ ಚೀಸಿಗೂ ಬಣ್ಣ ಹೊಡೀತಾರೇನು? ಬಾಗಿಲಿನ ವಾಸನೆ ಬರ್ತಿದೆಯಲ್ಲ!"

ಎಲ್ಲರೂ ಹೋ ಎಂದು ನಕ್ಕರು. ಮೇನಾಳ ಮುಖ ಕೆಂಪೇರಿತು. ಮದುಮಗಳು ಎಂಬುದನ್ನೂ ಮರೆತು ಅತಿ ದೊಡ್ಡ ತುಂಡನ್ನು ಎತ್ತಿಕೊಂಡು, ಎಲ್ಲರೆದುರು ಕಚಕಚ ಅಗಿದು ನುಂಗಿದಳು. "ವಾಶನೆ ಇರೋದು ನಿಮ್ಮ ಮೂಗಲ್ಲಿ," ಎಂದಳು. ಆ ಮಾತು ಸೆವೆಲೆನ್‌ನಲ್ಲಿ ಬಹಳ ವರ್ಷ ಬಾಳಿತು.

ಅಕ್ಕತಮ್ಮಂದಿರಲ್ಲಿ ಮುನಿಸೇನೂ ಇರಲಿಲ್ಲ. ಅವಳು ಸಾವಿಗೆ, ಸಂಸ್ಕಾರಕ್ಕೆ, ಅಪ್ಪಅಮ್ಮನ ಗೋರಿಗೆ ದೀಪವಿಡಲು ಬೆಟ್ಟ ಹತ್ತಿ ಬರುತ್ತಿದ್ದಳು. ಅವನು ಮಾತ್ರ ಮದುವೆಯ ಮೇಲೆ ನದಿ ದಾಟಲೇ ಇಲ್ಲ. ಕರೆದರೆ, "ಅಲ್ಲಿ ನೋಡೋಕೆ ಏನಿದೆ? ಮೇಲಿಂದ ನಿನ್ನ ಮನೆ ಹೆಂಚು ದಿನಾ ಕಾಣ್ತದೆ," ಎನ್ನುತ್ತಿದ್ದ. ಆದರೆ ಅವನ ಹೆಸರಿನ ಸಂತನ ಹಬ್ಬಕ್ಕೆ ಪ್ರತಿ ಆಗಸ್ಟಿನಲ್ಲಿ ಅವಳು ಫೋನು ಮಾಡುತ್ತಿದ್ದಳು. ಶುಭ ಕೋರಿದ ಮೇಲೆ ತಪ್ಪದೆ ಒಂದು ಪ್ರಶ್ನೆ:

"ಕಾವಲಿನ ಗುಡಿಶಲು ಹೇಗಿದೆಯೋ? ಅಟ್ಟ ಶೋರ್ತಿಲ್ಲ ತಾನೇ?"

"ಇಲ್ಲ."

"ಇಲಿ ಗಿಲಿ?"

"ಬೆಕ್ಕಿದೆಯಲ್ಲ."

"ಹಂಗಾದ್ರೆ ಶರಿ."

ಯೋಡರ್ ಫೋನಿಟ್ಟು ಹೆಂಡತಿಗೆ ಹೇಳುತ್ತಿದ್ದ: "ನಮ್ಮಕ್ಕಂಗೆ ಅಪ್ಪ ಶತ್ತಾಗ್ಲೂ ಇಷ್ಟು ಚಿಂತೆ ಇರ್ಲಿಲ್ಲ. ಆ ಅಟ್ಟದ ಮೇಲೆ ಏನು ಪ್ರೀತಿಯೋ!" ಹೃದಯ ಬಾಯಿಬಿಟ್ಟು ಕೇಳಿ ಪಡೆಯುವ ವಸ್ತುವಲ್ಲ, ಅದು ತಾನಾಗಿ ಬರಬೇಕು. ಬೆಟ್ಟದಲ್ಲಿ ಹುಟ್ಟಿದವಳಿಗೆ ಅಷ್ಟು ಗೊತ್ತಿಲ್ಲವೇ?

ಉಳಿದ ದಿನಗಳಲ್ಲಿ ಅವಳಿಗಿದ್ದ ಆಸರೆ ತೆಂಕಣ ಗಾಳಿ. ಆ ಕಣಿವೆಯಲ್ಲಿ ಆಗೊಮ್ಮೆ ಈಗೊಮ್ಮೆ ದಕ್ಷಿಣದಿಂದ ಬಿಸಿಗಾಳಿ ಬೀಸುತ್ತದೆ. ಅದು ಬೀಸಿದರೆ ಕೆಲವರಿಗೆ ತಲೆನೋವು, ಕೆಲವರಿಗೆ ಜಗಳ, ಒಲೆ ಹಚ್ಚುವುದಕ್ಕೂ ಭಯ. ಆದರೆ ಗಾಳಿ ಎಷ್ಟು ತಿಳಿಯಾಗುತ್ತದೆಂದರೆ ದೂರದ ಬೆಟ್ಟ ಎದ್ದು ಬಂದು ಅಂಗಳದಲ್ಲಿ ನಿಂತಂತಾಗುತ್ತದೆ. ಆ ದಿನ ಮೇನಾ ಬಟ್ಟೆ ಒಗೆಯುವುದನ್ನೂ ಬಿಟ್ಟು ನದಿಯ ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದಳು. ಚರ್ಚಿನ ಗೋಪುರ, ಅದರ ಕೆಳಗೆ ತವರಿನ ಸೂರು, ಸೂರಿನ ಪಕ್ಕ ಒಣಹಾಕಿದ ಬಿಳಿ ಹಚ್ಚಡ. ಕೈ ಚಾಚಿದರೆ ಹಚ್ಚಡ ಕೈಗೆ ಬರಬೇಕು. ಸಂಜೆಗೆ ಗಾಳಿ ಬಿದ್ದರೆ ಬೆಟ್ಟ ಮತ್ತೆ ತನ್ನ ಜಾಗಕ್ಕೆ ಹಿಂದೆ ಸರಿಯುತ್ತಿತ್ತು.

"ಬಂತೇನೇ ನಿನ್ನ ತವರು ಇವತ್ತು?" ಎಂದು ಪಕ್ಕದ ಮನೆಯ ಎಲ್ಸ್‌ಬೆತ್ ಛೇಡಿಸುತ್ತಿದ್ದಳು. "ನಿಮ್ಮೂರಲ್ಲಿ ಕೋಳಿ ಕಾಲಿಗೂ ಮುಳ್ಳಿನ ಜೋಡು ಕಟ್ತಾರಂತಲ್ಲ, ಜಾರಬಾರ್ದು ಅಂತ?"

"ಕಟ್ತೀವಿ. ಇಟ್ಟ ಮೊಟ್ಟೆ ಉರುಳಿ ಉರುಳಿ ನಿಮ್ಮೂರಿಗೆ ಬರತ್ತೆ. ನೀವು ಅದನ್ನೇ ಆರಿಶ್ಕೊಂಡು ತಿಂದು ದಪ್ಪ ಆಗಿರೋದು."

ಆಂಡ್ರೆಸ್ ತೀರಿಹೋದ. ಕೊಟ್ಟಿಗೆಯಲ್ಲಿ ಹಸುವಿನ ಜಾಗಕ್ಕೆ ಸೌದೆಯೂ ಸೇಬೂ ಬಂದವು. ಮೇನಾಳ ಮೊಣಕಾಲು ಹಿಡಿಯಿತು. ಮೊಳೆ ಮಾತ್ರ ಅಲ್ಲಿಯೇ ಇತ್ತು.

ಒಂದು ಸೆಪ್ಟೆಂಬರಿನಲ್ಲಿ ಯೋಡರ್ ತಾನಾಗಿಯೇ ಫೋನು ಮಾಡಿದ. ಅವನಿಗೂ ವಯಸ್ಸಾಗಿ, ಆ ವರ್ಷವೇ ಕಾವಲಿನ ಕೆಲಸ ಬಿಡುವವನಿದ್ದ.

"ಅಕ್ಕಾ, ಇನ್ಮೇಲೆ ನಿಂಗೆ ಅಟ್ಟದ ಚಿಂತೆ ಬೇಡ. ಹಳೇ ಗುಡಿಶಲು ಕೆಡವ್ತಾರೆ. ನಾಳೆ ಹಶು ಇಳಿಶ್ತೀವಿ, ಆಮೇಲೆ ಜನ ಬರ್ತಾರೆ."

"ಅಟ್ಟದಲ್ಲಿರೋ ಶಾಮಾನು?"

"ಏನು ಶಾಮಾನು? ಇರೋದೆಲ್ಲ ಹಳೇ ಮರ. ಶೌದೆಗೆ."

ಫೋನಿಟ್ಟವಳು ಕುಳಿತಲ್ಲಿಂದ ಏಳಲಿಲ್ಲ. ಆ ಹೃದಯ ಸೌದೆಯ ರಾಶಿಗೆ ಬಿದ್ದರೆ ತಾನು ಒಮ್ಮೆ ಬೆಟ್ಟದ ಮಗಳಾಗಿದ್ದೆ ಎನ್ನುವುದಕ್ಕೆ ಮೇಲೆ ಇನ್ನೇನು ಉಳಿಯುತ್ತದೆ? ಹಕ್ಕು ಹೋಯಿತು, ಹಸು ಹೋಯಿತು. ತನಗೆಂದು ಕೆತ್ತಿದ ಆ ಒಂದು ಮರದ ತುಂಡು ತನ್ನನ್ನು ಅಲ್ಲಿ ಕಾಯುತ್ತಿದೆ ಎಂಬ ನಂಬಿಕೆಯಲ್ಲೇ ಅವಳು ಇಲ್ಲಿ ಬಾಳಿದ್ದು. ಬೆಳಿಗ್ಗೆ ಎದ್ದವಳೇ ಕೋಲು ಹಿಡಿದು, ಮೇಲೆ ಸೂರು ಹೊದಿಸಿದ ಹಳೆಯ ಮರದ ಸೇತುವೆಯನ್ನು ದಾಟಿ, ಆಚೆ ಬಸ್ಸು ಹತ್ತಿದಳು. ಬಸ್ಸು ಬೆಟ್ಟ ಸುತ್ತಿ ಸುತ್ತಿ ಏರಿ, ತವರಿನ ಸೂರನ್ನು ದಾಟಿ, ಸುರಂಗ ಹೊಕ್ಕು ಬೆಟ್ಟದ ಹಿಂದೆ ಇಳಿಸಿತು.

ಕಾವಲಿನಲ್ಲಿ ಸಂಭ್ರಮವೋ ಸಂಭ್ರಮ. ಹುಡುಗಿಯರು ಹೂವಿನ ಕಿರೀಟ ಕಟ್ಟುತ್ತಿದ್ದರು. ಗುಡಿಸಲಿನ ಮುಂದಿನ ಬೆಂಚಿನ ಮೇಲೆ ಹೊಸ ಹೃದಯಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಯೋಡರ್ ಹಸುವಿನ ಗಂಟೆಯ ಪಟ್ಟಿ ಬಿಗಿಯುತ್ತಿದ್ದವನು ತಲೆಯೆತ್ತಿ ಅಕ್ಕನನ್ನು ಕಂಡು ಬೆಚ್ಚಿದ.

"ಯಾರು ಶತ್ತರು?"

"ಯಾರೂ ಇಲ್ಲ. ಶುಮ್ನೆ ಬಂದೆ."

"ನೀನು ಶುಮ್ನೆ ಬರೋಳೇ ಅಲ್ಲ."

ಅವಳು ಸೀದಾ ಗುಡಿಸಲಿನೊಳಗೆ ಹೋದಳು. ಚೀಸಿಗೆ ಹಾಲು ಕಾಯಿಸುವ ಕೊಪ್ಪರಿಗೆಯ ಪಕ್ಕದಲ್ಲಿ ಏಣಿ. ಮೊಣಕಾಲನ್ನು ಬೈಯುತ್ತ, ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬ ಸಂತನನ್ನು ಕರೆಯುತ್ತ ಅಟ್ಟ ಹತ್ತಿದಳು. ಅಲ್ಲಿ ಕಾಲು ಮುರಿದ ಹಾಲು ಕರೆಯುವ ಮಣೆ, ಹರಿದ ಕಂಬಳಿ, ತುಕ್ಕು ಹಿಡಿದ ಗಂಟೆ, ಇಲಿಯ ಗೂಡು. ಬೆಕ್ಕು ಸೋಮಾರಿಯಾಗಿತ್ತು ಎಂದಾಯಿತು. ಮೂಲೆ ಮೂಲೆಗೂ ಕೈಯಾಡಿಸಿದಳು. ತೊಲೆಯ ಸಂದಿಗೆ ಬೆರಳಿಟ್ಟಳು. ಹೃದಯವಿರಲಿಲ್ಲ.

ಇಳಿದಾಗ ತಲೆ ತುಂಬ ಜೇಡರ ಬಲೆ. ಕೆಳಗೆ ಯೋಡರ್ ಏಣಿ ಹಿಡಿದು ನಿಂತಿದ್ದ.

"ಏನು ಹುಡುಕ್ತಿದೀಯಾ ಅಕ್ಕಾ?"

ಇನ್ನು ಕೇಳದೆ ಗತಿಯಿರಲಿಲ್ಲ.

"ಬ್ರೂನಿಯ ಹೃದಯ ಕಣೋ. ನೀಲಿದು. ವೆಂಡೆಲಿನ್ ಹೋದ ವರ್ಷದ್ದು."

ಯೋಡರ್ ಅವಳ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದಾಳೆಯೇ ಎಂದು ಮೊದಲು. ಅಲ್ಲ ಎಂದು ತಿಳಿದ ಮೇಲೆ ಇನ್ನೊಂದು ಥರ.

"ಶಾವಿನ ವರ್ಷದ ಹೃದಯ ಯಾರಾದ್ರೂ ಇಟ್ಕೋತಾರೇನೇ? ಶುಟ್ಟಾಕ್ತಾರೆ. ಇಳಿಯೋ ಬೆಳಿಗ್ಗೆನೇ, ಕೊಪ್ಪರಿಗೆ ಕೆಳಗೆ. ಎಲ್ಲಾರ್ಗೂ ಗೊತ್ತಿರೋದೇ ಅಲ್ವಾ?"

ಎಲ್ಲರಿಗೂ ಗೊತ್ತಿತ್ತು. ಗಂಡಸರಿಗೆ ಕೆಲಸ ಮಾಡಿ ಗೊತ್ತು. ಹೆಂಗಸರಿಗೆ ಇಂಥ ಮಾತು ಒಂದು ವಯಸ್ಸಿನ ಮೇಲೆ, ಚಳಿಗಾಲದಲ್ಲಿ ನೂಲುತ್ತ ಕುಳಿತಾಗ ಒಬ್ಬರಿಂದ ಒಬ್ಬರಿಗೆ ಗೊತ್ತಾಗುತ್ತದೆ. ಆ ವಯಸ್ಸು ಬರುವ ಹೊತ್ತಿಗೆ ಮೇನಾ ನದಿಯಾಚೆ ಇದ್ದಳು. ಅವಳಿಗೆ ಯಾರು ಹೇಳಬೇಕು?

"ಶುಟ್ಟ್ಯಾ?"

"ಹೂಂ. ಎಲ್ಲಾ ಹಾಕಿದ್ವಿ. ಆ ಉರಿಯಲ್ಲಿ ಆ ವರ್ಷದ ಕೊನೇ ಚೀಶು ಕಾಶಿದ್ದು." ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಆ ಗಾಲೀನೇ ನಿನ್ನ ಮದ್ವೆಗೆ ಹೊತ್ಕೊಂಡು ಬಂದೆ. ಇನ್ನೇನು ತರ್ಲಿ ಅಂತ. ಹೃದಯ ಅಂತೂ ಕೊಡೋ ಹಂಗಿರ್ಲಿಲ್ಲ."

ಹೊರಗೆ ಹುಡುಗಿಯರು ಏನೋ ಹೇಳಿ ನಗುತ್ತಿದ್ದರು. ಮೇನಾ ಕೊಪ್ಪರಿಗೆಯ ಅಂಚಿಗೆ ಕೈಯಿಟ್ಟು ನಿಂತಳು. ಕೊನೆಗೆ, "ಬಶ್ಶಿಗೆ ಹೊತ್ತಾಯ್ತು," ಎಂದಳು. ಮೆರವಣಿಗೆ ಹೊರಡುವವರೆಗೂ ನಿಲ್ಲಲಿಲ್ಲ. ಹಿಂದಿನಿಂದ ಯೋಡರ್ ಕೂಗುತ್ತಲೇ ಇದ್ದ.

ಸೆವೆಲೆನ್‌ಗೆ ಬಂದು ಸುತ್ತಿಗೆಯನ್ನು ಹುಡುಕಿದಳು. ಕೊಟ್ಟಿಗೆಯ ಮುಂದೆ ಮಣೆ ಹಾಕಿ ಹತ್ತಿ ಮೊಳೆಗೆ ಕೈಯಿಟ್ಟಳು. ಆಂಡ್ರೆಸ್ ಸುತ್ತ ಸುತ್ತ ಬಳಿದ ಬಣ್ಣ ಪದರ ಪದರವಾಗಿ ಅದರ ಬುಡಕ್ಕೆ ಉಂಗುರದಂತೆ ಕಟ್ಟಿತ್ತು. ಅದನ್ನು ಕಿತ್ತರೆ ಅವನ ಬಣ್ಣವೂ ಎದ್ದು ಬರುತ್ತದೆ. ಮಣೆಯಿಂದ ಇಳಿದಳು. ಆಮೇಲೆ ಬಹಳ ದಿನ ಏರಿಯ ಕಡೆ ಹೋಗಲಿಲ್ಲ. ಬೆಟ್ಟದ ಕಡೆಯ ಕಿಟಕಿಯ ಪರದೆಯನ್ನೂ ಸರಿಸಲಿಲ್ಲ. ಇಷ್ಟು ವರ್ಷ ಅವಳು ಹಂಬಲಿಸಿದ ವಸ್ತು ಬೆಟ್ಟದ ಮೇಲೆ ಇರಲೇ ಇಲ್ಲ. ಹಾಗಾದರೆ ಅಲ್ಲಿ ನೋಡುವುದಕ್ಕೆ ಏನಿದೆ?

ಸೇಬು ಕಿತ್ತು ಮುಗಿದಿತ್ತು. ಒಂದು ಮಧ್ಯಾಹ್ನ ತೆಂಕಣ ಗಾಳಿ ಎದ್ದು ಮರದ ಎಲೆಯನ್ನೆಲ್ಲ ಗುಡಿಸಿಹಾಕಿತು. ಎಲ್ಸ್‌ಬೆತ್ ಬೇಲಿಯಾಚೆಯಿಂದ ಕೂಗಿದಳು:

"ಮೇನಾ, ನಿಮ್ಮ ಅಂಗಳದಲ್ಲಿ ಯಾವನೋ ಮುದುಕ ನಿಂತಿದ್ದಾನೆ ನೋಡೇ! ಮನೆಗೆ ಬಂದೋನು ಮನೆಗೇ ಬೆನ್ನು ಹಾಕ್ಕೊಂಡು ನಿಂತಿದ್ದಾನೆ!"

ಯೋಡರ್. ಹಬ್ಬದ ಕೋಟು, ಹಬ್ಬದ ಟೋಪಿ. ಬಾಗಿಲಿಗೆ ಬೆನ್ನು ಮಾಡಿ, ಬಾಯಿ ಸ್ವಲ್ಪ ತೆರೆದು ಬೆಟ್ಟವನ್ನೇ ನೋಡುತ್ತಿದ್ದ. ಗೋಪುರ, ಸೂರುಗಳು, ಮೇಲಿನ ಹುಲ್ಲುಗಾವಲು, ಅದರ ಮೇಲೆ ಬಂಡೆ, ಬಂಡೆಯ ಮೇಲೆ ಮೊದಲ ಹಿಮ. ಎಲ್ಲ ಅಂಗಳಕ್ಕೆ ಬಂದು ನಿಂತಿತ್ತು. ಮದುವೆಯ ದಿನದ ಮಂಜಿನಲ್ಲಿ ಅವನಿಗೆ ಇದೊಂದೂ ಕಂಡಿರಲಿಲ್ಲ.

"ಅಕ್ಕಾ," ಎಂದ ತಿರುಗದೆಯೇ, "ನಮ್ಮೂರು ಇಷ್ಟು ಚಂದ ಇದೆಯಾ?"

"ಅಲ್ಲಿರೋರಿಗೆ ಕಾಣಲ್ಲ ಕಣೋ."

"ನಮ್ಮ ಮನೆ ಅಷ್ಟು ಶಣ್ಣದಾ?"

"ಗಾಳಿ ಇಲ್ಲದ ದಿನ ಅದೂ ಕಾಣಲ್ಲ."

ಅವನು ಟೋಪಿಯ ಅಂಚು ಮೇಲೆತ್ತಿ ಇನ್ನೊಮ್ಮೆ ನೋಡಿದ. "ನಾನು ಹುಟ್ಟಿದಾಗಿನಿಂದ ಅದರ ಮೇಲೇ ಕೂತಿದೀನಿ. ಒಂದ್ ದಿನಾನೂ ಅದನ್ನ ಇಡಿಯಾಗಿ ನೋಡಿಲ್ಲ ನೋಡು."

ಕಾಫಿಗೆ ಮುಂಚೆ ಸೇಬು ತರೋಣವೆಂದು ಇಬ್ಬರೂ ಕೊಟ್ಟಿಗೆಗೆ ನಡೆದರು. ದಾರಿಯಲ್ಲಿ ಅವನು ಕೇಳಿದ:

"ಹೊಶದೊಂದು ಕೆತ್ತಿ ಕೊಡ್ಲಾ? ನೀಲಿ ಬಣ್ಣದ್ದೇ?"

"ಹಶು ಇಲ್ಲದೋಳಿಗೆ ಹೃದಯ ಯಾತಕ್ಕೆ? ಬೇಡ." ಎರಡು ಹೆಜ್ಜೆ ಆದ ಮೇಲೆ ಕೇಳಿದಳು, "ಅದರಲ್ಲಿ ಏನು ಬರ್ದಿದ್ದೆ?"

"ನಿನ್ನ ಹೆಶರು. ಶುತ್ತ ಹೂವಿನ ಬಳ್ಳಿ." ಅವನ ಕಿವಿ ಕೆಂಪಾಯಿತು. "ಒಂದಕ್ಷರ ಬಿಟ್ಟೋಗಿತ್ತು. ಬಣ್ಣ ಒಣಗಿದ ಮೇಲೆ ಗೊತ್ತಾಯ್ತು. ನೋಡಿದ್ರೆ ನೀನು ಕ್ರಿಶ್‌ಮಶ್‌ವರೆಗೂ ಆಡ್ಕೊಂಡು ನಗ್ತಿದ್ದೆ."

"ಈಗ್ಲೂ ನಗ್ತೀನಿ," ಎಂದಳು. ನಿಜವಾಗಿ ನಕ್ಕಳು. ನಗುತ್ತ ನಗುತ್ತ ಚಿಕ್ಕಪ್ಪನ ಮೂಗು ನೆನಪಾಯಿತು. "ಶರಿಯಾಗೇ ಹೇಳಿದ್ದ ಕಣೋ ಆ ಮುದುಕ! ಬಣ್ಣದ ವಾಶನೆ ಬರ್ತಿತ್ತು. ಅವನ ಮೇಲಿನ ಶಿಟ್ಟಿಗೆ ದೊಡ್ಡ ತುಂಡು ನಾನೇ ತಿಂದೆ."

"ಹಂಗಾದ್ರೆ ಹೃದಯ ಆಗ್ಲೇ ಬಂದು ಶೇರಿದೆ ಬಿಡು," ಎಂದ ಯೋಡರ್.

ಕೊಟ್ಟಿಗೆಯ ಬಾಗಿಲು ತಗ್ಗು. ಎತ್ತರದ ಆಳಾದ ಅವನು ಒಳಗೆ ಹೋಗಲು ಬಗ್ಗಿದ; ಟೋಪಿ ತಗಲಿತು. ತೆಗೆದವನು, ಬೆಟ್ಟದ ಕೊಟ್ಟಿಗೆಗಳಲ್ಲಿ ಜೀವಮಾನವಿಡೀ ಮಾಡಿದ ಹಾಗೆ, ನೋಡದೆಯೇ ಬಾಗಿಲ ಮೇಲೆ ಕೈಯಾಡಿಸಿ, ಸಿಕ್ಕ ಮೊಳೆಗೆ ಸಿಕ್ಕಿಸಿ ಒಳಗೆ ಹೋದ. "ಒಳ್ಳೇ ಮೊಳೆ," ಎಂದ ಒಳಗಿನಿಂದ. ಮೇನಾ ಹೊರಗೇ ನಿಂತಿದ್ದಳು.

ಅಂದು ಆ ಮನೆಯಲ್ಲಿ ಕಾಫಿ ಇನ್ನೂ ಒಂದು ಸಲ ಕುದಿಯಿತು. ಅಡುಗೆಮನೆಯಿಂದ ಒಂದೇ ಸಮನೆ ಶ ಶ ಎಂದು ಕೇಳುತ್ತಿದೆ, ಯಾರೋ ಮಗು ಮಲಗಿಸುವ ಹಾಗಿದೆ ಎಂದು ಎಲ್ಸ್‌ಬೆತ್ ಬೇಲಿಯಾಚೆ ತನ್ನವರಿಗೆ ಹೇಳಿದಳಂತೆ. ಹೊರಡುವಾಗ ಯೋಡರ್ ಬಾಗಿಲ ಮೇಲಕ್ಕೆ ಕೈ ಚಾಚಿದ.

"ಅದು ಇರ್ಲಿ," ಎಂದಳು ಮೇನಾ.

"ನನ್ನ ಹಬ್ಬದ ಟೋಪಿ ಕಣೇ!"

"ಈ ಗಾಳೀಲಿ ಏರಿ ಮೇಲೆ ಹಾರಿ ಹೋಗತ್ತೆ. ಮುಂದಿನ ಶಲ ಬಂದಾಗ ತಗೊಂಡು ಹೋಗುವಂತೆ."

ಯೋಡರ್ ಮೊಳೆಯನ್ನು ನೋಡಿದ, ಅದರ ಬುಡದ ಬಣ್ಣದ ಉಂಗುರಗಳನ್ನು ನೋಡಿದ, ಅಕ್ಕನನ್ನು ನೋಡಿದ. ಮತ್ತೇನೂ ಕೇಳದೆ ಬರಿತಲೆಯಲ್ಲೇ ಏರಿ ಹತ್ತಿ ಸೇತುವೆಯ ಕಡೆಗೆ ನಡೆದ. ಬಿಳಿಗೂದಲು ಗಾಳಿಗೆ ಎದ್ದು ನಿಂತಿತ್ತು. ಅವನು ಸೇತುವೆಯ ಮರದ ಬಾಯೊಳಗೆ ಮರೆಯಾಗುವವರೆಗೂ ಅವಳು ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ, ಬೆಟ್ಟದ ಕಡೆಯ ಕಿಟಕಿಯ ಪರದೆ ಸರಿಸಿದಳು.